ಹಾಲುದೀಪದ ಅಂಗಳ

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗನ ಪೊರಕೆಗೆ ದೊಡ್ಡ ಹೆಸರು. ಹನ್ನೆರಡು ವರ್ಷದಿಂದ ಅಂಗಳದಲ್ಲಿ ಒಂದು ತರಗೆಲೆಯೂ ಹೊತ್ತೇರುವವರೆಗೆ ಬಿದ್ದಿದ್ದಿಲ್ಲ. ಅದೇ ತನ್ನ ಸಾಧನೆ ಎಂದು ಅವನೂ ನಂಬಿದ್ದ.

ಅಂಗಳದ ನಡುವೆ ಒಂದು ಹಾಲುದೀಪದ ಮರ. ಹಿಂದೆ ಗುಡ್ಡದ ತುಂಬ ಇದ್ದವಂತೆ. ಕಾಡು ಕಡಿದು ಹೊಲವಾಯಿತು, ಕಲ್ಲುಗಣಿಯಾಯಿತು, ಉಳಿದದ್ದು ಇದೊಂದೇ. ಅದರ ಕಾಂಡವೂ ಟೊಳ್ಳಾಗಿತ್ತು. ಈ ಸಲ ಒಂದೇ ಕೊಂಬೆ ಬಿಳಿ ಹೂ ಬಿಟ್ಟು ನಾಲ್ಕು ಕಾಯಿ ಕಟ್ಟಿದ್ದನ್ನು ನೋಡಿ ಶಂಭುಲಿಂಗನಿಗೆ ಸಂಕಟವಾಯಿತು.

ಇದು ಹೋದರೆ ಇದರ ವಂಶವೇ ಹೋಯಿತಲ್ಲ, ಏನು ಮಾಡಲಿ ಎಂದು ಗುರುಗಳನ್ನು ಕೇಳಿದ.

"ಒಂದು ಸಸಿ ಹುಡುಕು. ಮಳೆಗಾಲ ಮುಗಿಯುವವರೆಗೆ ಇತ್ತ ಬರಬೇಡ."

ಅಷ್ಟು ದಿನ ಅಂಗಳ ಯಾರು ಗುಡಿಸುತ್ತಾರೆ ಎಂದರೆ ಗುರುಗಳು ನಕ್ಕುಬಿಟ್ಟರು. ಅದರಲ್ಲಿ ನಗುವಂಥದ್ದೇನಿದೆ ಎಂದು ಅವನಿಗೆ ಹೊಳೆಯಲಿಲ್ಲ.

ಗುಡ್ಡ ಗುಡ್ಡ ಅಲೆದ. ಎಲ್ಲಿ ನೋಡಿದರೂ ಬೇಲಿ, ಹೊಲ, ಕಲ್ಲಿನ ರಾಶಿ. ಕೊನೆಗೆ ಮಳೆಗಾಲ ಮುಗಿದ ಮೇಲೆ ಬರಿಗೈಯಲ್ಲಿ ಹಿಂದಿರುಗಿದ.

ಅಂಗಳದಲ್ಲಿ ಮೊಣಕಾಲುದ್ದ ಕಸ. ತಾನೊಬ್ಬ ಇಲ್ಲದಿದ್ದರೆ ಆಶ್ರಮದ ಗತಿಯೇ ಇಷ್ಟು ಎಂದು ಗೊಣಗುತ್ತ ಪೊರಕೆ ಹುಡುಕಿದ. ಗುರುಗಳು ಅದನ್ನು ಎಂದೋ ಒಲೆಗೆ ಹಾಕಿಯಾಗಿತ್ತು.

ಕೈಯಲ್ಲೇ ಬಾಚಲು ಕೂತ. ನಾಲ್ಕನೆಯ ಬೊಗಸೆ ಎಲೆಯ ಕೆಳಗೆ ಗೇಣುದ್ದದ ಒಂದು ಸಸಿ. ಎಲೆ ಮುಟ್ಟಿ ನೋಡಿದ, ಮರವನ್ನು ನೋಡಿದ. ಅದೇ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೆರಡು ವರ್ಷ ದಿನಾ ಬೆಳಗ್ಗೆ ಎಲೆ, ಬೀಜ ಎಲ್ಲ ಬುಟ್ಟಿ ತುಂಬಿ ಹೊಳೆಗೆ ಸುರಿದದ್ದು ಕಣ್ಣ ಮುಂದೆ ಬಂತು.

ಗುರುಗಳು ಪಕ್ಕಕ್ಕೆ ಬಂದು ನಿಂತಿದ್ದರು. ಅವನು ತಲೆ ತಗ್ಗಿಸಿಯೇ ಕೇಳಿದ.

"ಇದು ಬದುಕಬೇಕಾದರೆ ಎಷ್ಟು ಜಾಗ ಬಿಡಬೇಕು ಗುರುಗಳೇ?"

"ಹಿಂದೆ ಸರಿ."

ನಾಲ್ಕು ಹೆಜ್ಜೆ ಸರಿದ.

"ಇನ್ನೂ."

ಏನೂ ಅರ್ಥವಾಗದೆ ಸರಿಯುತ್ತ ಹೋದ. ಹೋದ ವರ್ಷ ಮರಗಿಡ ಸವರಿ, ತಾನೇ ಮುಂದೆ ನಿಂತು ಕಟ್ಟಿಸಿದ ಪ್ರಾರ್ಥನಾ ಮಂದಿರ ಬೆನ್ನಿಗೆ ತಾಗಿತು.

"ಇನ್ನೂ," ಎಂದರು ಗುರುಗಳು.

"ಹಿಂದೆ ಗೋಡೆ ಇದೆಯಲ್ಲ, ಗುರುಗಳೇ."

"ಹಾಗಾದರೆ ಅದನ್ನೂ ಕರೆದುಕೊಂಡು ಸರಿ."