ಒಂಬತ್ತು ಗಂಟೆಯ ವಿಶ್ರಾಂತಿ

"ಗುರುಗಳೇ, ದುಡಿಯುವವನ ನಿದ್ದೆಯನ್ನು ಕಾಯುವುದು ಯಾವುದು? ಸರಕಾರದ ನಿಯಮವೋ, ಸಂಘದ ಒಪ್ಪಂದವೋ?"

ಕೇಳಿದವನು ದ್ಯಾಮಣ್ಣ. ಲಾರಿ ಚಾಲಕರ ಸಂಘದ ಮುಖಂಡ. ಈ ಮಾತಿಗೆ ಅವನ ಸಂಘ ಎರಡು ಹೋಳಾಗಿತ್ತು. ಗುರುಗಳಿಂದ ಒಂದು ಮಾತು ಸಿಕ್ಕರೆ ಎದುರಿನವರ ಬಾಯಿ ಮುಚ್ಚಿಸಬಹುದೆಂದು ಬಂದಿದ್ದ.

ಗುರುಗಳು ಅವನನ್ನು ನೋಡಿದರು. "ಕೂತುಕೋ" ಎಂದರು. ಕತೆ ಹೇಳಿದರು.

ಇಬ್ಬರು ಪೈಲಟ್‌ಗಳಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ. ಸರಕು ವಿಮಾನ ಹಾರಿಸುವವರು. ಅವರ ವಿಮಾನದಲ್ಲಿ ಜನ ಕೂರುವುದಿಲ್ಲ, ಪೆಟ್ಟಿಗೆ ಕೂರುತ್ತವೆ. ರಾತ್ರಿ ಹಾರಾಟ, ಹಗಲು ನಿದ್ದೆ. ಅದೇ ಅವರ ಬಾಳು.

ಆ ದೇಶದ ಸರಕಾರ ಒಂದು ನಿಯಮ ಮಾಡಿತ್ತು. ಜನರನ್ನು ಒಯ್ಯುವ ಪೈಲಟ್ ಹತ್ತು ಗಂಟೆ ವಿಶ್ರಾಂತಿ ಪಡೆಯದೆ ಹಾರಬಾರದು. ಪೆಟ್ಟಿಗೆ ಒಯ್ಯುವವರ ಹೆಸರು ಅದರಲ್ಲಿ ಇರಲಿಲ್ಲ. ಪೆಟ್ಟಿಗೆ ಹೋದರೆ ಅಳುವವರು ಯಾರು ಎಂದುಕೊಂಡಿರಬೇಕು. ಹಾಗಾಗಿ ಇವರ ಸಂಘ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಒಂಬತ್ತು ಗಂಟೆ ವಿಶ್ರಾಂತಿ. ಅದರ ಮೇಲೂ 'ನನಗೆ ದಣಿವಿದೆ, ಹಾರಲಾರೆ' ಎಂದು ಪೈಲಟ್ ಹೇಳಿದರೆ ಕಂಪನಿ ಬೇರೆಯವನನ್ನು ಕರೆಯಬೇಕು. ಹೇಳಿದವನಿಗೆ ಶಿಕ್ಷೆ ಇಲ್ಲ.

ಹಿರಿಯನಿಗೆ ಒಪ್ಪಂದದ ಮೇಲೆ ನಂಬಿಕೆ ಇರಲಿಲ್ಲ. ನಿಯಮದೊಳಗೆ ನಮ್ಮನ್ನೂ ಸೇರಿಸಿ ಎಂದು ಸರಕಾರಕ್ಕೆ ಅರ್ಜಿ ಬರೆದಿದ್ದ. ಕಿರಿಯ ಒಪ್ಪಂದ ಬರೆದ ಐವರಲ್ಲಿ ಒಬ್ಬ. ಅರ್ಜಿಗೆ ಸಹಿ ಹಾಕಲಾರೆ ಎಂದಿದ್ದ.

ಒಂದು ಬೆಳಿಗ್ಗೆ ಇಬ್ಬರೂ ದೂರದ ಊರಿನಲ್ಲಿ ಇಳಿದರು. ಕಂಪನಿಯ ವಿಶ್ರಾಂತಿ ಮನೆಯಲ್ಲಿ ಅವರಿಗೆ ಒಂದೇ ಕೋಣೆ. ಅಲ್ಲಿ ಒಂದು ಪದ್ಧತಿ ಇತ್ತು. ಮಲಗುವ ಪೈಲಟ್ ಬಾಗಿಲ ಹೊರಗೆ ತನ್ನ ಟೋಪಿ ತೂಗುಹಾಕುತ್ತಾನೆ. ಟೋಪಿ ಇರುವ ತನಕ ಯಾರೂ ಬಾಗಿಲು ತಟ್ಟುವಂತಿಲ್ಲ. ಮ್ಯಾನೇಜರನೂ ತಟ್ಟುವಂತಿಲ್ಲ.

ಇಬ್ಬರೂ ಟೋಪಿ ತೂಗುಹಾಕಿದರು. ಒಳಗೆ ಎರಡು ಮಂಚ ಇತ್ತು. ಹಾಸಿಗೆ ಇತ್ತು. ಕಿಟಕಿಗೆ ಕಪ್ಪು ಪರದೆ ಇತ್ತು. ಇನ್ನೇನು ಬೇಕು ಮನುಷ್ಯನಿಗೆ? ಶೂ ಬಿಚ್ಚಿ ಮಲಗಿದರು. ಮಲಗಿದಲ್ಲಿಂದಲೇ ಹಿರಿಯ ಮಾತು ತೆಗೆದ.

"ನಿನ್ನ ಒಪ್ಪಂದ ಬಾಡಿಗೆ ಮನೆ ಕಣೋ. ಮೂರು ವರ್ಷಕ್ಕೆ ಮುಗಿಯುತ್ತದೆ. ಮಾಲೀಕ ಬಿಡು ಅಂದ ದಿನ ಬಿಡಬೇಕು."

"ನಿಮ್ಮ ನಿಯಮ ಸರಕಾರಿ ನಲ್ಲಿ ಸಾರ್. ನಲ್ಲಿ ಇರುತ್ತದೆ. ನೀರು ಬರುವುದಿಲ್ಲ."

"ಬಾಡಿಗೆ ಮನೆಗೂ ನಲ್ಲಿ ಬೇಕಲ್ಲವೇನೋ?"

"ನಲ್ಲಿ ಹಾಕಿಸಿಕೊಟ್ಟು ಮನೆ ಕಿತ್ತುಕೊಳ್ಳುತ್ತಾರೆ. ನಿಯಮ ಬಂದ ಮಾರನೆಯ ದಿನ ಕಂಪನಿ ಕೇಳುತ್ತದೆ, ಇನ್ನು ಒಪ್ಪಂದ ಯಾಕೆ ಅಂತ. ದಣಿವಿದೆ ಅನ್ನುವ ಮಾತು ನಿಮ್ಮ ನಿಯಮದಲ್ಲಿ ಎಲ್ಲಿದೆ? ತೋರಿಸಿ ನೋಡೋಣ."

ಹಿರಿಯ ತೋರಿಸಲು ಎದ್ದು ಕೂತ. ಕಿರಿಯ ನೋಡಲು ಎದ್ದು ಕೂತ.

ಮಧ್ಯಾಹ್ನವಾಯಿತು. ಬಾಗಿಲು ತಟ್ಟುವಂತಿಲ್ಲವಲ್ಲ, ವಿಶ್ರಾಂತಿ ಮನೆಯ ಅಡಿಗೆಯವನು ಹೊರಗಿನಿಂದ ಕಿಟಕಿಯ ಪರದೆ ಸರಿಸಿ ಇಣುಕಿದ. "ಸ್ವಾಮೀ, ಸ್ವಲ್ಪ ಮಲಗಿ. ಜಗಳ ನಾಳೆಗೂ ಇರುತ್ತದೆ" ಎಂದ.

ಇಬ್ಬರೂ ಅವನ ಮೇಲೆ ಹಾಯ್ದರು. "ಸುಮ್ಮನಿರಯ್ಯ! ನಿದ್ದೆಯ ವಿಷಯವನ್ನೇ ಮಾತಾಡುತ್ತಿದ್ದೇವೆ."

ಆ ದಿನ ಇಬ್ಬರ ಮಾತು ಕೂಡಿದ್ದು ಅದೊಂದೇ ಸಲ.

ಬಿಸಿಲು ಇಳಿಯುವ ಹೊತ್ತಿಗೆ ಕಿರಿಯನ ಹೆಂಡತಿ ಫೋನ್ ಮಾಡಿದಳು. ನಿದ್ದೆ ಆಯಿತಾ ಎಂದು ಕೇಳಿದಳು. ಆಯಿತು ಎಂದ. ಹಿರಿಯ ಕೇಳಿಸಿಕೊಂಡ. ಕಣ್ಣು ಮಿಟುಕಿಸಿ ನಕ್ಕ ಕೂಡ.

ಒಂಬತ್ತು ಗಂಟೆ ಮುಗಿಯಿತು. ಮ್ಯಾನೇಜರ್ ರಿಜಿಸ್ಟರ್ ಹಿಡಿದು ಬಂದ. 'ವಿಶ್ರಾಂತಿ ಆಗಿದೆ, ಹಾರಲು ಸಿದ್ಧ' ಎಂದು ಅಚ್ಚಾಗಿತ್ತು. ಕೆಳಗೆ ಸಹಿ ಬೇಕಿತ್ತು.

ಹಿರಿಯನ ಕಣ್ಣು ಉರಿಯುತ್ತಿತ್ತು. ಅಕ್ಷರ ಎರಡೆರಡಾಗಿ ಕಾಣುತ್ತಿತ್ತು. ದಣಿವಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಆ ಮಾತು ಒಪ್ಪಂದದ್ದು. ಬೆಳಗಿನಿಂದ ಹಳಿದ ಮನೆಗೆ ಸಂಜೆ ಹೋಗಿ ಜಾಗ ಕೇಳುವುದು ಹೇಗೆ? ಕಿರಿಯನ ಮುಖ ನೋಡಿದ. ಅದೂ ಬಾಡಿತ್ತು. ಅವನ ಒಪ್ಪಂದ ತಾನೆ, ಅವನೇ ಹೇಳಲಿ ಎಂದು ಕಾದ. ಕಿರಿಯ ಹೇಳಲಿಲ್ಲ. ಹೇಳಿದರೆ ಒಂಬತ್ತು ಗಂಟೆ ಸಾಲದು, ಹತ್ತು ಬೇಕು ಎಂದು ಅವನೇ ಒಪ್ಪಿಕೊಂಡ ಹಾಗೆ.

"ಸಾರ್, ನಿಮಗೆ ಆಗುತ್ತದಾ?" ಎಂದ ಕಿರಿಯ.

"ನನಗೇನಾಗಿದೆ? ನಿನ್ನದು ನೋಡಿಕೋ" ಎಂದ ಹಿರಿಯ.

ಕಿರಿಯ ಸಹಿ ಹಾಕಿದ. ಅದರ ಕೆಳಗೆ ಹಿರಿಯ ಹಾಕಿದ.

ವಿಮಾನ ಚೆನ್ನಾಗಿಯೇ ಹಾರಿತು. ಇಳಿಯುವಾಗ ಒಬ್ಬ ಎತ್ತರ ಓದಿ ಹೇಳಬೇಕು, ಇನ್ನೊಬ್ಬ ಕೇಳಿ ಇಳಿಸಬೇಕು. ಹೇಳಬೇಕಾದ ಕಿರಿಯನ ಕಣ್ಣು ಮುಚ್ಚಿತ್ತು. ಕೇಳಬೇಕಾದ ಹಿರಿಯ ಮಂಪರಿನಲ್ಲಿ, ಅವನು ಹೇಳಿದನೆಂದೇ ತಿಳಿದ. ವಿಮಾನ ರನ್‌ವೇ ಮುಟ್ಟುವ ಮೊದಲೇ ಹೊಲ ಮುಟ್ಟಿತು. ಹಿರಿಯನ ಕಾಲು ಮುರಿಯಿತು. ಕಿರಿಯ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಸರಕಾರದವರು ಬಂದರು. ಈ ವಿಮಾನಕ್ಕೆ ನಿಯಮವೇ ಇಲ್ಲ, ಮುರಿಯುವ ಮಾತೆಲ್ಲಿ ಎಂದರು. ಸಂಘದವರು ಬಂದರು. ಒಂಬತ್ತು ಗಂಟೆ ಕೊಟ್ಟಿದ್ದಾರೆ, ಒಪ್ಪಂದವೂ ಮುರಿದಿಲ್ಲ ಎಂದರು. ಎರಡು ಕಾಗದಕ್ಕೂ ಒಂದು ಗೀರೂ ಬಿದ್ದಿರಲಿಲ್ಲ.

ಕಾಲು ಕೂಡಿದ ಮೇಲೆ ಹಿರಿಯ ಊರುಗೋಲು ಹಿಡಿದು ಕಿರಿಯನ ಮನೆಗೆ ಹೋದ. ಅವನ ಹೆಂಡತಿ ನೀರು ತಂದುಕೊಟ್ಟಳು. ಒಳಗೆ ಮಂಚ ಕಾಣುತ್ತಿತ್ತು. ಒಂದು ಬದಿಯ ದಿಂಬು ಹಾಗೇ ಇತ್ತು. ಅದರ ಮೇಲೆ ಯಾರೂ ತಲೆ ಇಟ್ಟಿರಲಿಲ್ಲ. ಅವಳು ಕೇಳಿದಳು.

"ಅವತ್ತು ಅವರು ಮಲಗಿದ್ದರು ತಾನೆ?"

"ಒಂಬತ್ತು ಗಂಟೆ ಕೋಣೆಯಲ್ಲೇ ಇದ್ದೆವಮ್ಮ."

ಅವಳು ತಲೆಯಾಡಿಸಿದಳು. ಅವಳಿಗೆ ಅಷ್ಟು ಸಾಕಾಯಿತು. ಹಿರಿಯ ನೀರು ಕುಡಿಯದೆ ಲೋಟ ಕೆಳಗಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

ದ್ಯಾಮಣ್ಣ ಚಡಪಡಿಸಿದ. "ಪಾಪ, ಆಗಬಾರದ್ದು ಆಯಿತು. ಆದರೆ ಗುರುಗಳೇ, ಇಬ್ಬರಲ್ಲಿ ಯಾರ ಮಾತು ಸರಿ? ಅದನ್ನು ನೀವು ಹೇಳಲೇ ಇಲ್ಲ."

"ಇಬ್ಬರ ಮಾತೂ ಸರಿಯಾಗಿತ್ತಪ್ಪ, ಅದಕ್ಕೇ ಇಬ್ಬರೂ ಮಲಗಲಿಲ್ಲ."