ಕಡಲ ಬೆನ್ನ ಮೇಲಿನ ಸಿಹಿನೀರು

ಭೂಮಿಯ ಮೈ ಇನ್ನೂ ಪೂರ್ತಿ ಆರಿರಲಿಲ್ಲ, ಹಕ್ಕಿಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಆ ಕಾಲದ ಮಾತು ಇದು, ಮಗಾ.

ಆಗ ಕಡಲ ದಂಡೆಯಲ್ಲಿ ಒಂದು ಹನಿ ಸಿಹಿನೀರೂ ಇರಲಿಲ್ಲ. ಮಳೆಯೇನೋ ಬರುತ್ತಿತ್ತು. ಆದರೆ ಬಿದ್ದ ನೀರು ಮರಳಿನ ಮೇಲೆ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಸರಸರ ಓಡಿ ಕಡಲಿಗೆ ಬಿದ್ದು ಉಪ್ಪಾಗಿಬಿಡುತ್ತಿತ್ತು.

ಆ ದಂಡೆಯಲ್ಲಿ ಬೆಳ್ಳಕ್ಕ ಎಂಬ ಹೆಂಗಸು ಮೀನು ಒಣಗಿಸಿಕೊಂಡು ಬದುಕುತ್ತಿದ್ದಳು. ದಿನಾ ಗುಡ್ಡದ ತೊರೆಗೆ ಹೋಗಿ ಒಂದು ಕೊಡ ನೀರು ತರುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು. ಆ ಒಂದು ಕೊಡದಲ್ಲೇ ಗಂಜಿ, ಅದರಲ್ಲೇ ಕುಡಿಯುವುದು, ಅದರಲ್ಲೇ ನೆರೆಮನೆಯ ಮುದುಕಿಗೂ ಒಂದು ಚೆಂಬು.

ಒಂದು ದಿನ ಅವಳ ಮಗಳು ಚಂದುಗೆ ಜ್ವರ ಬಂತು. ಮೈ ಕೆಂಡದಂತೆ ಸುಡುತ್ತಿತ್ತು. “ಅಬ್ಬೆ, ನೀರು... ಅಬ್ಬೆ, ನೀರು...” ಎಂದು ಕನವರಿಸುತ್ತಿತ್ತು ಮಗು. ಬೆಳ್ಳಕ್ಕ ಓಡೋಡಿ ಗುಡ್ಡಕ್ಕೆ ಹೋದಳು, ಓಡೋಡಿ ಬಂದಳು. ಇನ್ನೇನು ಮನೆ ಬಂತು ಎನ್ನುವಾಗ ಮರಳಲ್ಲಿ ಕಾಲು ಹೂತು ಮುಗ್ಗರಿಸಿದಳು. ಕೊಡ ಒಡೆದೇ ಹೋಯಿತು.

ಅವಳು ಅಳಲಿಲ್ಲ. ಎದ್ದು ಕಡಲಿಗೆ ಎದುರಾಗಿ ನಿಂತಳು.

“ಲೋಕದ ನೀರನ್ನೆಲ್ಲ ನುಂಗಿ ಕೂತಿದ್ದೀಯಲ್ಲ ಕಡಲಪ್ಪಾ, ನನ್ನ ಮಗುವಿಗೆ ಒಂದು ಗುಟುಕು ಕೊಡಲಾರೆಯಾ?”

ಕಡಲು ತಲೆ ತಗ್ಗಿಸಿತು. “ಕೊಡಬಾರದು ಅಂತಲ್ಲ ತಾಯಿ. ನನ್ನಲ್ಲಿ ಬೆರೆತದ್ದೆಲ್ಲ ಉಪ್ಪಾಗುತ್ತದೆ. ಏನು ಮಾಡಲಿ?”

“ಮಳೆನೀರನ್ನು ನಾನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ,” ಎಂದಿತು ಮರಳು. “ಆದರೆ ಅದು ಒಳಗಿಳಿಯಲು ಹೆದರುತ್ತದೆ.”

ಮೇಲೆ ತೇಲುತ್ತಿದ್ದ ಮೋಡಕ್ಕೆ ಇದು ಕೇಳಿಸಿತು. “ಹೆದರದೆ ಇನ್ನೇನು? ಮರಳಿನ ಅಡಿಯಲ್ಲೂ ಈ ಕಡಲೇ ಮಲಗಿದೆಯಲ್ಲ!”

ಕಡಲು ತುಸು ಹೊತ್ತು ಯೋಚಿಸಿತು. ಆಮೇಲೆ ಹೇಳಿತು: “ಅಡಿಯಲ್ಲಿ ನಾನು ಅಲುಗಾಡದೆ ಮಲಗುತ್ತೇನೆ. ನಾನು ಭಾರ, ಮಳೆನೀರು ಹಗುರ. ಮೆಲ್ಲಗೆ ಇಳಿದು ನನ್ನ ಬೆನ್ನ ಮೇಲೆ ಕೂರಲಿ. ಆದರೆ ತಾಯಿ, ಯಾರೂ ನನ್ನ ಬೆನ್ನಿಗೆ ತಿವಿಯಬಾರದು. ಎಚ್ಚರವಾದರೆ ಎಲ್ಲ ಕಲಸಿಹೋಗುತ್ತದೆ.”

ಮೋಡ ಅಲ್ಲೇ ಸುರಿಯಿತು. ಈ ಸಲ ನೀರು ಓಡಲಿಲ್ಲ. “ಮೆಲ್ಲಗೆ, ಮೆಲ್ಲಗೆ,” ಎಂದಿತು ಮರಳು. ನೀರು ಮೆಲ್ಲಗೆ, ಮೆಲ್ಲಗೆ ಒಳಗಿಳಿಯಿತು.

ಬೆಳ್ಳಕ್ಕ ತೆಂಗಿನ ಚಿಪ್ಪಿನಿಂದ ಮೊಳದಷ್ಟು ಅಗೆದಳು. ನೀರು ಒಸರಿತು. ಮೊದಲು ಕದಡಿತ್ತು. ತಿಳಿಯಾಗುವವರೆಗೆ ಕಾದಳು. ಬೊಗಸೆಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದಳು. ಎಳನೀರಿನಷ್ಟು ಸಿಹಿ!

ಚಂದು ಮೂರು ಚಿಪ್ಪು ನೀರು ಕುಡಿದು ಕಣ್ಣು ಬಿಟ್ಟಳು. “ಇನ್ನೂ ಬೇಕು,” ಎಂದಳು.

ಸುದ್ದಿ ಕೇಳಿ ಊರೇ ಬಂತು. ಬಲಶಾಲಿ ತಿಮ್ಮಪ್ಪ, “ಮೊಳದಾಳಕ್ಕೆ ಇಷ್ಟಿದ್ದರೆ ಆಳುದ್ದಕ್ಕೆ ಎಷ್ಟಿರಬೇಡ!” ಎಂದು ಗುದ್ದಲಿ ಹಿಡಿದು ಆಳಕ್ಕೆ ಅಗೆದ. ನೀರು ಬುಳುಬುಳು ಬಂತು. ಬಾಯಿಗೆ ಹಾಕಿದವನೇ ಉಗುಳಿದ. “ಥೂ, ಉಪ್ಪು!”

ಕಡಲಿಗೆ ಎಚ್ಚರವಾಗಿತ್ತು.

ತಿಮ್ಮಪ್ಪನ ಮುಖ ಸಣ್ಣದಾಯಿತು. ಬೆಳ್ಳಕ್ಕ ಬೈಯಲಿಲ್ಲ. ಮಂಡಿಯೂರಿ ಎರಡೂ ಕೈಯಿಂದ ಗುಂಡಿಗೆ ಮರಳು ತುಂಬತೊಡಗಿದಳು. ಅವನೂ ಪಕ್ಕದಲ್ಲಿ ಕೂತು ತುಂಬಿದ. ಮುಂದಿನ ಮಳೆಗೆ ಸಿಹಿನೀರು ಮತ್ತೆ ಬಂದು ಕೂತಿತು. “ಇಷ್ಟೇ ಅಗೆಯಿರಿ,” ಎಂದು ಬೆಳ್ಳಕ್ಕ ಎಲ್ಲರಿಗೂ ತನ್ನ ಮೊಣಕೈ ತೋರಿಸಿದಳು.

ಅದಕ್ಕೇ ನೋಡು ಮಗಾ, ಇಂದಿಗೂ ಅಲೆ ಮುಟ್ಟದ ಮರಳಲ್ಲಿ ಮೊಳದಷ್ಟು ಅಗೆದರೆ ಸಿಹಿನೀರು ಒಸರುತ್ತದೆ, ಆಸೆಪಟ್ಟು ಇನ್ನೂ ಕೆಳಗೆ ಅಗೆದರೆ ಉಪ್ಪುನೀರು ಏಳುತ್ತದೆ.