ಮಸಿ ಹಚ್ಚುತ್ತಿದ್ದ ಮಗಳು

"ಗುರುಗಳೇ, ಏಳು ವರ್ಷದಿಂದ ಈ ಮಠದ ಒಲೆಯ ಮುಂದೆ ಇದ್ದೇನೆ. ಹಾಡುವವನನ್ನು ಹೊಗಳುತ್ತೀರಿ, ಓದುವವನನ್ನು ಹೊಗಳುತ್ತೀರಿ. ನಾನು ನಿಮ್ಮ ಕಣ್ಣಿಗೆ ಬೀಳುವುದು ಯಾವಾಗ?"

ಎಲ್ಲರ ಊಟ ಮುಗಿದಿತ್ತು. ಕೇಳಿದ ಶಿಷ್ಯ ತಾನಿನ್ನೂ ಎಲೆ ಹಾಕಿಕೊಂಡಿರಲಿಲ್ಲ. ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ದೊಡ್ಡ ಕವಿ ಇದ್ದ. ದಿನವಿಡೀ ತಾಳೆಗರಿಯ ಮೇಲೆ ಚೂಪು ಮೊನೆಯ ಕಬ್ಬಿಣದ ಕಂಟದಿಂದ ಕೊರೆದು ಬರೆಯುತ್ತಿದ್ದ. ಕೊರೆದ ಅಕ್ಷರ ಹಾಗೇ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿ ಹಚ್ಚಿ ಒರೆಸಿದರೆ ಎದ್ದು ಕಾಣುತ್ತದೆ. ಆ ಕೆಲಸ ಅವನ ಮಗಳದು. ಕವಿಯನ್ನು ನೋಡಲು ಊರೂರಿಂದ ಜನ ಬರುತ್ತಿದ್ದರು. ಮಗಳ ಹೆಸರನ್ನು ಯಾರೂ ಕೇಳಲಿಲ್ಲ. ಕವಿಗೂ ಅದು ಆಗಾಗ ಮರೆತುಹೋಗುತ್ತಿತ್ತು, ಪುಣ್ಯಾತ್ಮ.

ಕವಿ ತೀರಿಕೊಂಡು ಬಹಳ ವರ್ಷಗಳಾದ ಮೇಲೆ ಒಬ್ಬ ನಾಟಕಕಾರ ಬಂದ. ಮಗಳಿಗೆ ಆಗ ತಲೆ ನೆರೆತಿತ್ತು. ಲೋಕ ಮರೆತ ಆ ಮಗಳ ಮೇಲೆಯೇ ನಾಟಕ ಕಟ್ಟಿದ್ದೇನೆ ಎಂದು ಅವಳಿಗೆ ಓದಿ ತೋರಿಸಿದ. ಅದರಲ್ಲಿ ಮಗಳು ಅಂಕಕ್ಕೊಮ್ಮೆ ಬಾಗಿಲ ಮರೆಯಲ್ಲಿ ನಿಂತು, ಮಸಿಗೈಯಲ್ಲಿ ಕಣ್ಣೊರೆಸಿಕೊಂಡು ಅಳುತ್ತಿದ್ದಳು.

ಮುದುಕಿಗೆ ನಗು ತಡೆಯಲಾಗಲಿಲ್ಲ. "ಮಸಿಗೈಯಲ್ಲಿ ಯಾರಾದರೂ ಕಣ್ಣೊರೆಸಿಕೊಳ್ಳುತ್ತಾರೇನಪ್ಪಾ? ನಾನು ಅಳಲೂ ಇಲ್ಲ. ಮಸಿ ಒರೆಸುತ್ತಿದ್ದಂತೆ ಒಂದೊಂದೇ ಸಾಲು ಎದ್ದು ಬರುತ್ತಿತ್ತು. ಬರೆದವನಿಗೂ ಕಾಣದ ಸಾಲನ್ನು ಮೊದಲು ಓದಿದವಳು ನಾನು. ಬರೆಯುವುದಾದರೆ ಆ ಸಂತೋಷ ಬರಿ. ನನ್ನದು ಅಂತ ಇರುವುದು ಅದೊಂದೇ."

"ಅಮ್ಮಾ, ನೀವು ಅಳದಿದ್ದರೆ ಜನ ಎದ್ದು ಹೋಗುತ್ತಾರೆ."

"ಹಾಗಾದರೆ ನಾಟಕದವಳು ಅಳಲಿ ಬಿಡಪ್ಪಾ. ನಾನು ಮಾತ್ರ ಅಳುವುದಿಲ್ಲ."

ನಾಟಕಕ್ಕೆ ಜನವೋ ಜನ. ಮುದುಕಿಯೂ ಹೋಗಿ ಕುಳಿತಳು. ಮಗಳ ವೇಷ ಬಾಗಿಲ ಮರೆಗೆ ಬಂದು ನಿಂತದ್ದೇ ತಡ, ಎಲ್ಲರೂ ಸೆರಗು, ಶಲ್ಯ ಕಣ್ಣಿಗೆ ಒತ್ತಿಕೊಂಡರು. ಹಿಂದೆ ಕೂತಿದ್ದ ಒಬ್ಬ ಹೆಂಗಸು ಬಿಕ್ಕುತ್ತಲೇ ಮುದುಕಿಯ ಭುಜ ತಟ್ಟಿ, "ಅಜ್ಜಿ, ಸ್ವಲ್ಪ ಪಕ್ಕಕ್ಕೆ ಸರೀರಿ. ಪಾಪ, ಆ ಮಗಳನ್ನ ಯಾರೂ ನೋಡಲೇ ಇಲ್ಲವಂತೆ. ನನಗೂ ಅವಳು ಕಾಣಿಸ್ತಿಲ್ಲ" ಎಂದಳು.

ಮುದುಕಿ ಸರಿದು ಕುಳಿತಳು. ಅವಳಿಗೆ ಒಂದು ಕ್ಷಣ ನೋವಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮರುದಿನ ಬೆಳಿಗ್ಗೆ ಪಕ್ಕದೂರಿನ ಹೊಸ ಕವಿಯೊಬ್ಬ ಒಂದು ಕಟ್ಟು ಗರಿ ಕಳಿಸಿಕೊಟ್ಟ. ಅವಳು ಜಗಲಿಯ ಮೇಲೆ ಕುಳಿತು ಮೊದಲ ಗರಿಗೆ ಮಸಿ ಹಚ್ಚಿದಳು, ಒರೆಸಿದಳು, ಓದಿದಳು. ಸಾಲು ಚೆನ್ನಾಗಿತ್ತು. ಅವಳ ಮುಖ ಅರಳಿತು.

ಕತೆ ಅಲ್ಲಿಗೆ ನಿಂತಿತು. ಅವಳ ಹೆಸರೇನು ಎಂದು ಕೇಳಲು ಶಿಷ್ಯ ಬಾಯಿ ತೆರೆದ. ಅಷ್ಟರಲ್ಲಿ ಗುರುಗಳೇ ಕೇಳಿದರು:

"ಇವತ್ತಿನ ಸಾರು ಬಹಳ ರುಚಿಯಾಗಿತ್ತು, ನೀನು ಉಂಡೆಯಾ?"